ಲಸಿಕೆ ಚೀಲದ ಜತೆ ಬಂದು ಹೋಗುವ ಔಷಧಿ

ಕೋವಿಡ್ ಲಸಿಕೆ ಹಾಕಿಸಿಕೊಂಡ ದಿನ ನೆನಪಿದೆಯಾ? ಸೂಜಿ ಚುಚ್ಚಿದ್ದು ಎರಡು ಕ್ಷಣ. ಆಮೇಲೆ ‘ಅರ್ಧ ಗಂಟೆ ಇಲ್ಲೇ ಕೂತಿರಿ’ ಅಂದರು. ನಾನು ಕೂತಿದ್ದು ನಮ್ಮೂರಿನ ಸರ್ಕಾರಿ ಶಾಲೆಯ ಕೋಣೆಯೊಂದರಲ್ಲಿ, ಮಂಡಿ ಎದೆಗೆ ತಾಗುವಷ್ಟು ಗಿಡ್ಡ ಬೆಂಚಿನ ಮೇಲೆ. ಎದುರು ಗೋಡೆಯಲ್ಲಿ ಕಾಗುಣಿತ. ಪಕ್ಕದಲ್ಲಿದ್ದ ಅಜ್ಜ ಹತ್ತು ನಿಮಿಷಕ್ಕೇ ಎದ್ದರು. ‘ಸುಮ್ನೆ ಯಾಕವ್ವ ಕೂರಿಸ್ತೀಯ, ದನಕ್ಕೆ ನೀರು ತೋರಿಸಬೇಕು’ ಅಂತ ಸಿಸ್ಟರ್ ಹತ್ತಿರ ಜಗಳಕ್ಕೇ ನಿಂತರು. ಸಿಸ್ಟರ್ ಬಿಡಲಿಲ್ಲ.

ಆ ಅರ್ಧ ಗಂಟೆ ಜ್ವರ ಬರುತ್ತಾ ಅಂತ ನೋಡುವುದಕ್ಕಲ್ಲ. ಜ್ವರ ಬರುವುದಾದರೆ ರಾತ್ರಿಗೆ ಬರುತ್ತದೆ. ಸಿಸ್ಟರ್ ಕಾಯುತ್ತಿದ್ದದ್ದು ಇನ್ನೊಂದಕ್ಕೆ. ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ಗಂಧೆ ಎದ್ದು, ಗಂಟಲು ಕಟ್ಟಿ, ಉಸಿರು ಸಿಕ್ಕಿಕೊಂಡು, ಬಿಪಿ ಕುಸಿದು ಮನುಷ್ಯ ಬಿದ್ದೇ ಹೋಗುವಂಥ ತೀವ್ರ ಅಲರ್ಜಿ. ವೈದ್ಯರು ಇದನ್ನು ಅನಾಫಿಲಾಕ್ಸಿಸ್ ಅನ್ನುತ್ತಾರೆ. ಸಾಮಾನ್ಯ ಲಸಿಕೆಗಳಲ್ಲಿ ಇದು ಹತ್ತು ಲಕ್ಷ ಡೋಸಿಗೆ ಒಂದೆರಡು ಸಲ ಆಗಬಹುದು, ಅಷ್ಟೇ. ಆದರೂ ಸಿಸ್ಟರ್ ಚೀಲದಲ್ಲಿ ಅದಕ್ಕೆಂದೇ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದರೊಳಗೆ ಅಡ್ರಿನಲಿನ್‌ನ ಗಾಜಿನ ಆಂಪೂಲ್‌ಗಳು, 1 ಎಂಎಲ್ ಸಿರಿಂಜು, ಸೂಜಿ, ಹತ್ತಿ, ಯಾವ ವಯಸ್ಸಿಗೆ ಎಷ್ಟು ಅಂತ ಬರೆದ ಒಂದು ಚೀಟಿ.

ಅಂದರೆ ಆವತ್ತು ಆ ಶಾಲೆಯಲ್ಲಿ ತೀವ್ರ ಅಲರ್ಜಿಗೆ ಮದ್ದು ಇತ್ತು. ಕೊಡಲು ಬರುವವರು ಇದ್ದರು. ಕೊಡಲು ಅನುಮತಿಯೂ ಇತ್ತು. ಸಂಜೆ ಲಸಿಕೆ ಚೀಲದ ಜತೆ ಮೂರೂ ಹೊರಟುಹೋದವು. ಶಾಲೆ ಮತ್ತೆ ತೆರೆದಾಗ ಮಕ್ಕಳು ಬಂದು ಅದೇ ಬೆಂಚುಗಳಲ್ಲಿ ಕೂತರು. ಹಾಲು ಕುಡಿದರು, ಮೊಟ್ಟೆ ತಿಂದರು, ಶೇಂಗಾ ಚಿಕ್ಕಿ ಕಡಿದರು. ಆಗ ಪೆಟ್ಟಿಗೆ ಇರಲಿಲ್ಲ. ಈಗಲೂ 10 ಮತ್ತು 16 ವರ್ಷದ ಮಕ್ಕಳಿಗೆ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಲಸಿಕೆ ಹಾಕಲು ಸಿಸ್ಟರ್ ಶಾಲೆಗೆ ಬಂದಾಗ ಇದೇ ನಡೆಯುತ್ತದೆ. ಪೆಟ್ಟಿಗೆ ಬರುತ್ತದೆ, ಪೆಟ್ಟಿಗೆ ಹೋಗುತ್ತದೆ.

ಶಾಲೆಗಳಲ್ಲಿ ಅಲರ್ಜಿಯ ತುರ್ತು ಔಷಧಿ ಇಡಬೇಕು ಅಂದರೆ ‘ಅದೆಲ್ಲ ಅಮೆರಿಕದವರ ಕಥೆ, ನಮಗ್ಯಾಕೆ’ ಅನ್ನುವವರು ಇದ್ದಾರೆ. ಅವರಿಗೆ ನಾನು ಈ ಪೆಟ್ಟಿಗೆಯ ವಿಷಯ ಹೇಳುತ್ತೇನೆ. ಔಷಧಿ ನಮ್ಮಲ್ಲಿ ಆಗಲೇ ಇದೆ. ಅದನ್ನು ಶಾಲೆಯಲ್ಲಿ ಉಳಿಸಿಕೊಳ್ಳುವ ಏರ್ಪಾಡು ಮಾತ್ರ ಇಲ್ಲ.

ಮೊದಲು ರೋಗದ ವಿಷಯಕ್ಕೆ ಬರೋಣ. ನಮ್ಮ ಮಾತಿನಲ್ಲೇ ಒಂದು ತೊಡಕಿದೆ. ‘ಈ ಮಗೂಗೆ ಶೇಂಗಾ ಆಗಿಬರಲ್ಲ’ ಅನ್ನುತ್ತೇವೆ. ‘ಬದನೆಕಾಯಿ ನಂಜು’ ಅನ್ನುತ್ತೇವೆ. ‘ಹಾಲು ಒಗ್ಗಲ್ಲ’ ಅನ್ನುತ್ತೇವೆ. ಹಾಲು ಅರಗದೆ ಹೊಟ್ಟೆ ಉಬ್ಬರಿಸಿಕೊಳ್ಳುವ ಮಗುವಿಗೂ ಇದೇ ಮಾತು, ಒಂದು ಗುಟುಕಿಗೆ ತುಟಿ ಊದಿಕೊಂಡು ಉಸಿರು ಕಟ್ಟುವ ಮಗುವಿಗೂ ಇದೇ ಮಾತು. ಮೊದಲನೆಯದು ಕಿರಿಕಿರಿ. ಎರಡನೆಯದು ಜೀವದ ಪ್ರಶ್ನೆ. ‘ಆಗಿಬರಲ್ಲ’ ಅಂತ ಅಮ್ಮ ಹೇಳಿದ್ದನ್ನು ಕೇಳಿದ ಟೀಚರ್‌ಗೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು?

ಮೈಯೊಳಗೆ ನಡೆಯುವುದು ಇಷ್ಟು. ರೋಗಾಣುಗಳ ವಿರುದ್ಧ ಕಾವಲಿಗೆ ಇರುವ ವ್ಯವಸ್ಥೆ ಶೇಂಗಾವನ್ನೋ ಹಾಲನ್ನೋ ಜೇನುಹುಳದ ವಿಷವನ್ನೋ ಶತ್ರು ಅಂತ ತಪ್ಪು ತಿಳಿಯುತ್ತದೆ. ಅದಕ್ಕೆಂದೇ ಐಜಿಇ ಅನ್ನುವ ಪ್ರತಿಕಾಯ ತಯಾರಿಸಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ಪದಾರ್ಥ ಒಳಗೆ ಹೋದರೆ ಮಾಸ್ಟ್ ಕೋಶಗಳು ಒಮ್ಮೆಗೇ ಒಡೆದಂತಾಗಿ ಹಿಸ್ಟಮಿನ್ ಮತ್ತು ಇನ್ನೂ ಹಲವು ರಾಸಾಯನಿಕಗಳನ್ನು ಚೆಲ್ಲುತ್ತವೆ. ರಕ್ತನಾಳಗಳು ಸಡಿಲಾಗಿ ಸೋರುತ್ತವೆ, ಬಿಪಿ ಇಳಿಯುತ್ತದೆ. ಶ್ವಾಸನಾಳಗಳು ಬಿಗಿಯುತ್ತವೆ. ಗಂಟಲು, ನಾಲಿಗೆ ಊದಿಕೊಳ್ಳುತ್ತವೆ. 1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೇ ಮತ್ತು ಪಾಲ್ ಪೋರ್ಟಿಯೇ ಸಮುದ್ರಜೀವಿಗಳ ವಿಷದ ಮೇಲೆ ಪ್ರಯೋಗ ಮಾಡುವಾಗ ಇದನ್ನು ಗುರುತಿಸಿ ಹೆಸರಿಟ್ಟರು. ರಿಶೇಗೆ 1913ರಲ್ಲಿ ನೊಬೆಲ್ ಕೂಡ ಬಂತು. ಅದರ ಮದ್ದಾದ ಅಡ್ರಿನಲಿನ್ ಕೂಡ ಅಷ್ಟೇ ಹಳೆಯದು. 1901ರಲ್ಲಿ ಜಪಾನ್ ಮೂಲದ ಜೋಕಿಚಿ ತಾಕಾಮಿನೆ ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು.

ಅಡ್ರಿನಲಿನ್ ನಮ್ಮ ಮೈಯಲ್ಲೇ ಇರುವ ವಸ್ತು. ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಡವ ಅನ್ನುತ್ತದಲ್ಲ, ಅದರ ಕೆಲಸವೇ. ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಚುಚ್ಚಿದರೆ ಅದು ಸಡಿಲಾದ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಬಿಗಿದ ಶ್ವಾಸನಾಳಗಳನ್ನು ತೆರೆಯುತ್ತದೆ, ಊತ ತಗ್ಗಿಸುತ್ತದೆ, ಮಾಸ್ಟ್ ಕೋಶಗಳು ಇನ್ನಷ್ಟು ಚೆಲ್ಲದಂತೆ ತಡೆಯುತ್ತದೆ. ಇಷ್ಟನ್ನೂ ಒಟ್ಟಿಗೆ ಮಾಡುವ ಇನ್ನೊಂದು ಔಷಧಿ ಇಲ್ಲ.

ನಮ್ಮ ಕಡೆ ಅಲರ್ಜಿ ಅಂದರೆ ಅವಿಲ್, ಇಲ್ಲಾಂದರೆ ಸಿಟ್ರಿಜಿನ್. ಮನೆಯಲ್ಲೂ ಅದೇ, ಶಾಲೆಯ ಫಸ್ಟ್ ಏಡ್ ಡಬ್ಬಿಯಲ್ಲೂ ಅದೇ. ಅದಕ್ಕೂ ಮುಂಚೆ ಕಂಬಳಿ. ಪಿತ್ತದ ಗಂಧೆ ಎದ್ದರೆ ಕಂಬಳಿ ಹೊದಿಸಿ ಮಲಗಿಸುವುದನ್ನು ನಾನೇ ಚಿಕ್ಕಂದಿನಲ್ಲಿ ಅನುಭವಿಸಿದ್ದೇನೆ. ಬರೀ ಗಂಧೆ, ಬರೀ ತುರಿಕೆ ಆದರೆ ಅವಿಲ್ ಸಾಕು, ಕಂಬಳಿಯಿಂದಲೂ ನಷ್ಟ ಇಲ್ಲ. ಆದರೆ ಉಸಿರಿಗೆ ಬಂದಾಗ ಅವಿಲ್ ಜೀವ ಉಳಿಸುವುದಿಲ್ಲ. ಅದು ತಡೆಯುವುದು ಹಿಸ್ಟಮಿನ್ ಒಂದನ್ನು, ಅದೂ ನಿಧಾನವಾಗಿ. ಕುಸಿದ ಬಿಪಿಯನ್ನು ಅದು ಎತ್ತಲಾರದು. ಎಷ್ಟೋ ಕ್ಲಿನಿಕ್‌ಗಳಲ್ಲೂ ಮೊದಲು ಅವಿಲ್ ಮತ್ತು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು, ಅಡ್ರಿನಲಿನ್ ಅನ್ನು ‘ತೀರಾ ಕೈಮೀರಿದರೆ’ ಅಂತ ಎತ್ತಿಡುತ್ತಾರೆ. ಜಗತ್ತಿನ ಎಲ್ಲ ಮಾರ್ಗಸೂಚಿಗಳೂ ಹೇಳುವುದು ಇದರ ಉಲ್ಟಾ. ಅಡ್ರಿನಲಿನ್ ಮೊದಲು, ಉಳಿದದ್ದು ಆಮೇಲೆ.

ಇಲ್ಲಿ ಸಮಯದ ಲೆಕ್ಕ ಬರುತ್ತದೆ. ಬ್ರಿಟನ್ನಿನ ರಿಚರ್ಡ್ ಪಂಫ್ರಿ ಅನ್ನುವ ವೈದ್ಯರು ಅಲರ್ಜಿ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2000ದಲ್ಲಿ ಒಂದು ವರದಿ ಪ್ರಕಟಿಸಿದರು. ಉಸಿರೋ ಹೃದಯವೋ ನಿಲ್ಲುವವರೆಗೆ ಸಿಕ್ಕ ಸಮಯದ ಮಧ್ಯಮ ಅಂಕಿ ಹೀಗಿತ್ತು: ಆಹಾರದಿಂದಾದರೆ 30 ನಿಮಿಷ, ಹುಳ ಕಚ್ಚಿದ್ದರಿಂದಾದರೆ 15 ನಿಮಿಷ. ಈ ಎರಡು ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮಗೆ ಗೊತ್ತಿರುವ ಯಾವುದಾದರೂ ಹಳ್ಳಿ ಶಾಲೆಯನ್ನು ನೆನೆಸಿಕೊಳ್ಳಿ. 108ಕ್ಕೆ ಫೋನ್ ಮಾಡಬೇಕು, ಆಂಬುಲೆನ್ಸ್ ಹೊರಡಬೇಕು, ಶಾಲೆ ಎಲ್ಲಿ ಅಂತ ದಾರಿ ಕೇಳಿಕೊಂಡು ಬರಬೇಕು, ಮಗುವನ್ನು ಹತ್ತಿಸಿಕೊಂಡು ತಾಲೂಕು ಆಸ್ಪತ್ರೆಗೆ ಹೋಗಬೇಕು. ಘಟ್ಟದ ಮೇಲಿನ ಶಾಲೆಗಳ ಮಾತು ಬಿಡಿ, ಬೆಂಗಳೂರಿನ ಸಿಲ್ಕ್ ಬೋರ್ಡ್ ಸುತ್ತಮುತ್ತ ಮಧ್ಯಾಹ್ನ ನಾಲ್ಕಕ್ಕೆ 15 ನಿಮಿಷದಲ್ಲಿ ಎಲ್ಲಿಗೆ ಹೋಗಲು ಆಗುತ್ತದೆ ಹೇಳಿ.

ಕಾಯುವುದು ಬೇಡ ಅಂತ ನಾವು ಮಾಡುವ ಕೆಲಸ ಇನ್ನೊಂದಿದೆ. ಬೈಕಿನಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ, ನಡುವೆ ಮಗು. ಹಾವು ಕಚ್ಚಲಿ, ಫಿಟ್ಸ್ ಬರಲಿ, ಇದೇ ನಮ್ಮ ಆಂಬುಲೆನ್ಸ್. ಆದರೆ ಬಿಪಿ ಕುಸಿದಿರುವ ಮಗುವನ್ನು ಎಬ್ಬಿಸಿ ನೆಟ್ಟಗೆ ಕೂರಿಸಿದರೆ ಹೃದಯಕ್ಕೆ ವಾಪಸ್ ಬರುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ಹೀಗೆ ಎಬ್ಬಿಸಿದ ಕೂಡಲೇ ಪ್ರಾಣ ಹೋದ ಉದಾಹರಣೆಗಳನ್ನು ಇದೇ ಪಂಫ್ರಿ ದಾಖಲಿಸಿದ್ದಾರೆ. ಮಗುವನ್ನು ಮಲಗಿಸಿ ಕಾಲು ಎತ್ತರಕ್ಕಿಡಬೇಕು. ಉಸಿರಾಡಲು ತೀರಾ ಕಷ್ಟ ಅನ್ನಿಸಿದರೆ ಕಾಲು ಚಾಚಿ ಕೂರಲು ಬಿಡಬಹುದು. ನಿಲ್ಲಿಸುವುದು, ನಡೆಸುವುದು ಮಾತ್ರ ಕೂಡದು. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಇದಕ್ಕೆ ಯಾವ ಔಷಧಿಯೂ ಬೇಡ, ಯಾರ ಅನುಮತಿಯೂ ಬೇಡ.

ಸರಿ, ನಮ್ಮ ಮಕ್ಕಳಲ್ಲಿ ಇದು ಎಷ್ಟಿದೆ? ಇಲ್ಲಿ ಪ್ರಾಮಾಣಿಕವಾಗಿ ಮಾತಾಡಬೇಕು, ಯಾಕೆಂದರೆ ಹೆದರಿಸಿ ಒಪ್ಪಿಸುವುದು ಸುಲಭ. ಯುರೋಪಿನವರು ಹಲವು ದೇಶಗಳ ಜತೆ ಸೇರಿ ಮಾಡಿದ ಯುರೋಪ್ರಿವಾಲ್ ಎಂಬ ಸಮೀಕ್ಷೆಯಲ್ಲಿ ಭಾರತದ ಪಾಲಿನ ಕೆಲಸ ನಡೆದದ್ದು ನಮ್ಮಲ್ಲೇ. ಮೈಸೂರಿನ ವೈದ್ಯ ಪಿ.ಎ. ಮಹೇಶ್ ಮತ್ತು ಅವರ ಸಂಗಡಿಗರು ಅದರಲ್ಲಿದ್ದರು. ಶಾಲಾ ಮಕ್ಕಳಲ್ಲಿ ಆಹಾರದ ಅಲರ್ಜಿ ಇರಬಹುದಾದವರ ಪ್ರಮಾಣ ಹಾಂಗ್‌ಕಾಂಗ್‌ನಲ್ಲಿ ಶೇ. 1.5 ಇದ್ದರೆ ಭಾರತದಲ್ಲಿ ಬರೀ ಶೇ. 0.14. ಅಂದರೆ 10,000 ಮಕ್ಕಳಲ್ಲಿ 14.

ಕಡಿಮೆಯೇ, ಅಲ್ವಾ? ಆದರೆ ಒಂದು ಕೋಟಿ ಮಕ್ಕಳಿಗೆ ಲೆಕ್ಕ ಹಾಕಿದರೆ 14,000 ಆಗುತ್ತದೆ. ಇವರೆಲ್ಲರಿಗೂ ಪ್ರಾಣಾಪಾಯ ಆಗುತ್ತದೆ ಅಂತಲ್ಲ. ಬಹುಪಾಲು ಮಕ್ಕಳಿಗೆ ಗಂಧೆ, ವಾಂತಿಯಲ್ಲೇ ಮುಗಿಯುತ್ತದೆ. ಆದರೆ ಯಾವ ಮಗುವಿಗೆ ಯಾವ ದಿನ ಅಷ್ಟಕ್ಕೇ ನಿಲ್ಲುವುದಿಲ್ಲ ಅನ್ನುವುದನ್ನು ಮೊದಲೇ ಹೇಳಲು ಯಾವ ಪರೀಕ್ಷೆಗೂ ಆಗುವುದಿಲ್ಲ. ಹೋದ ಸಲ ಬರೀ ತುರಿಕೆ ಬಂದಿತ್ತು ಅಂದರೆ ಈ ಸಲವೂ ಅಷ್ಟೇ ಅಂತ ನಂಬಿ ಕೂರುವ ಹಾಗಿಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನಗೆ ತುಂಬಾ ಇಷ್ಟ. ಬೆಂಗಳೂರು, ಮೈಸೂರಿನ ದೊಡ್ಡವರಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಶೇ. 26.5 ಜನರಿಗೆ ಯಾವುದೋ ಒಂದು ಆಹಾರಕ್ಕೆ ಐಜಿಇ ಸಿಕ್ಕಿತು. ಆದರೆ ಅದೇ ಆಹಾರ ತಿಂದು ನಿಜವಾಗಿ ತೊಂದರೆ ಪಟ್ಟವರು ಶೇ. 1.2 ಮಾತ್ರ. ಅಂದರೆ ಲ್ಯಾಬಿನವರು ಸಾವಿರಾರು ರೂಪಾಯಿ ತೆಗೆದುಕೊಂಡು ಕೊಡುವ ಉದ್ದದ ಅಲರ್ಜಿ ಪಟ್ಟಿಯನ್ನು ನೋಡಿ ಮಗುವಿಗೆ ಹಾಲು, ಕಡಲೆ, ಗೋಧಿ ಎಲ್ಲ ಬಿಡಿಸಿದರೆ ಮಗು ಸೊರಗುತ್ತದೆ ಅಷ್ಟೇ. ಪಟ್ಟಿಯಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಅಲ್ಲ. ತಿಂದಾಗ ಏನಾಯಿತು ಅನ್ನುವುದು ಮುಖ್ಯ. ಶಾಲೆಗೆ ‘ನನ್ನ ಮಗನಿಗೆ ಹದಿನೆಂಟು ಅಲರ್ಜಿ’ ಅಂತ ಪತ್ರ ಕೊಟ್ಟರೆ ಟೀಚರ್ ಯಾವುದನ್ನೂ ಗಂಭೀರವಾಗಿ ತಗೊಳ್ಳುವುದಿಲ್ಲ, ಅವರದೇನೂ ತಪ್ಪಲ್ಲ.

ಆಹಾರ ಒಂದೇ ಆಗಿದ್ದರೆ ‘14 ಮಕ್ಕಳಿಗೋಸ್ಕರ ಇಷ್ಟೆಲ್ಲ ಬೇಕಾ’ ಅನ್ನಬಹುದಿತ್ತೇನೋ. ನಮ್ಮ ಶಾಲೆಗಳಿಗೆ ಇನ್ನೊಂದು ಕಡೆಯಿಂದಲೂ ಅಪಾಯ ಬರುತ್ತದೆ, ಅದೂ ಹಾರಿಕೊಂಡು. ಹೆಜ್ಜೇನು. ನೀರಿನ ಟ್ಯಾಂಕಿನ ಕೆಳಗೆ, ಶಾಲೆ ಪಕ್ಕದ ಆಲದ ಮರದಲ್ಲಿ ತಟ್ಟಿ ಕಟ್ಟುತ್ತದೆ. ಹದ್ದು ಕುಕ್ಕಿತೋ, ಯಾರೋ ಹುಡುಗ ಕಲ್ಲು ಬೀರಿದನೋ, ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳೆಲ್ಲ ಚೆಲ್ಲಾಪಿಲ್ಲಿ. ನೂರಾರು ಹುಳ ಕಚ್ಚಿದರೆ ಆಗುವುದು ವಿಷದ ಭಾರ. ಅದು ಬೇರೆ ಸಮಸ್ಯೆ, ಅದಕ್ಕೆ ಆಸ್ಪತ್ರೆಯೇ ಬೇಕು. ಆದರೆ ಅಲರ್ಜಿ ಇರುವವರಿಗೆ ಒಂದೇ ಕೊಂಡಿ ಸಾಕು. ಪಂಫ್ರಿಯ 15 ನಿಮಿಷ ನೆನಪಿಸಿಕೊಳ್ಳಿ. ಹುಳದ ಅಲರ್ಜಿ ಇದೆ ಅಂತ ಗೊತ್ತಾಗುವುದೇ ಹೀಗೆ ಕಚ್ಚಿಸಿಕೊಂಡಾಗ. ಯಾವ ಅಪ್ಪ ಅಮ್ಮನೂ ಅಡ್ಮಿಷನ್ ದಿನ ‘ನನ್ನ ಮಗಳಿಗೆ ಹೆಜ್ಜೇನು ಆಗಿಬರಲ್ಲ’ ಅಂತ ಬರೆದುಕೊಡಲು ಸಾಧ್ಯವಿಲ್ಲ.

ಹೊರದೇಶಗಳ ಕಾನೂನುಗಳು ಹುಟ್ಟಿದ್ದೂ ಈ ‘ಮೊದಲೇ ಗೊತ್ತಿರಲಿಲ್ಲ’ ಅನ್ನುವ ಗಂಟಿನಿಂದ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶಾಲೆಗಳಲ್ಲಿ ಅಡ್ರಿನಲಿನ್ ಕೊಟ್ಟ ಪ್ರಕರಣಗಳನ್ನು ಲೆಕ್ಕ ಹಾಕಿದಾಗ ಸುಮಾರು ಕಾಲು ಭಾಗ ಜನರಿಗೆ ಪ್ರಾಣಾಪಾಯದ ಅಲರ್ಜಿ ಇದೆ ಅಂತ ಶಾಲೆಗೆ ಗೊತ್ತೇ ಇರಲಿಲ್ಲ. ಆವರೆಗೆ ಅಲ್ಲಿದ್ದ ಪದ್ಧತಿ ಏನೆಂದರೆ ಅಲರ್ಜಿ ಇರುವ ಮಗು ತನ್ನ ಹೆಸರಿನ ಔಷಧಿಯನ್ನು ತಾನೇ ತರಬೇಕು. ತರದ ಮಗುವಿಗೆ? 2012ರ ಜನವರಿಯಲ್ಲಿ ವರ್ಜೀನಿಯಾದ ಶಾಲೆಯೊಂದರಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಆಟದ ಹೊತ್ತಿನಲ್ಲಿ ಇನ್ನೊಂದು ಮಗು ಕೊಟ್ಟ ಶೇಂಗಾ ತಿಂದಳು. ಅವಳ ಹೆಸರಿನಲ್ಲಿ ಶಾಲೆಯಲ್ಲಿ ಔಷಧಿ ಇರಲಿಲ್ಲ. ಅವಳು ಉಳಿಯಲಿಲ್ಲ. ಅದೇ ವರ್ಷ ವರ್ಜೀನಿಯಾ ಕಾನೂನು ತಂದಿತು. ಯಾರ ಹೆಸರೂ ಇಲ್ಲದ, ಶಾಲೆಯದ್ದೇ ಆದ ಅಡ್ರಿನಲಿನ್ ಪ್ರತಿ ಶಾಲೆಯಲ್ಲೂ ಇರಬೇಕು ಅಂತ.

ಅದೇ ಹೊತ್ತಿಗೆ ಶಿಕಾಗೋ ನಗರದ ಸರ್ಕಾರಿ ಶಾಲೆಗಳು ಹೀಗೆ ಔಷಧಿ ಇಡಲು ಶುರು ಮಾಡಿದವು. 2012-13ರ ಒಂದೇ ಶೈಕ್ಷಣಿಕ ವರ್ಷದಲ್ಲಿ ಅದು 38 ಜನರಿಗೆ ಬಳಕೆಯಾಯಿತು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಅದು ಜೀವನದ ಮೊದಲ ತೀವ್ರ ಅಲರ್ಜಿ. 2013ರ ನವೆಂಬರ್ 13ರಂದು ಅಧ್ಯಕ್ಷ ಒಬಾಮಾ ದೇಶಕ್ಕೆಲ್ಲ ಅನ್ವಯಿಸುವ ಕಾನೂನಿಗೆ ಸಹಿ ಹಾಕಿದರು. ತಮ್ಮ ಮಗಳು ಮಲಿಯಾಗೂ ಶೇಂಗಾ ಅಲರ್ಜಿ ಇದೆ ಅಂತ ಆವತ್ತು ಅವರು ಹೇಳಿಕೊಂಡರು. ಆ ಕಾನೂನು ಯಾರನ್ನೂ ಬಲವಂತ ಮಾಡುವುದಿಲ್ಲ ಅನ್ನುವುದನ್ನು ಗಮನಿಸಬೇಕು. ಶಾಲೆಗಳಲ್ಲಿ ಔಷಧಿ ಇಡಿಸುವ, ಕೊಡುವವರಿಗೆ ಕಾನೂನಿನ ರಕ್ಷಣೆ ಕೊಡುವ ರಾಜ್ಯಗಳಿಗೆ ಆಸ್ತಮಾ ಅನುದಾನದಲ್ಲಿ ಆದ್ಯತೆ, ಅಷ್ಟೇ. ಬೆಲ್ಲ ತೋರಿಸಿ ಎತ್ತು ಎಬ್ಬಿಸಿದ ಹಾಗೆ. ಬ್ರಿಟನ್ 2017ರ ಅಕ್ಟೋಬರ್‌ನಿಂದ ಶಾಲೆಗಳು ಡಾಕ್ಟರ್ ಚೀಟಿ ಇಲ್ಲದೆಯೇ ಅಡ್ರಿನಲಿನ್ ಚುಚ್ಚುವ ಹೆಚ್ಚುವರಿ ಪೆನ್ ಕೊಂಡಿಟ್ಟುಕೊಳ್ಳಲು ಬಿಟ್ಟಿತು. ಕೆನಡಾದ ಒಂಟಾರಿಯೋದ ಕಥೆ ಇವೆಲ್ಲಕ್ಕಿಂತ ಹಳೆಯದು. ಅಲ್ಲಿ 2003ರಲ್ಲಿ ಹೈಸ್ಕೂಲ್ ಹುಡುಗಿಯೊಬ್ಬಳು ಕ್ಯಾಂಟೀನಿನ ಆಲೂಗಡ್ಡೆ ಫ್ರೈ ತಿಂದು ತೀರಿಕೊಂಡಳು. ಅವಳಿಗೆ ಹಾಲಿನ ಅಲರ್ಜಿ ಇತ್ತು. ಅವಳ ಹತ್ತಿರ ಔಷಧಿಯೂ ಇತ್ತು. ಆದರೆ ಇದ್ದದ್ದು ಅವಳ ಲಾಕರಿನಲ್ಲಿ. ಅವಳ ಹೆಸರಿನಲ್ಲೇ ಬಂದ ‘ಸಬ್ರಿನಾ ಕಾನೂನು’ 2006ರ ಜನವರಿ 1ರಿಂದ ಜಾರಿಯಲ್ಲಿದೆ. ಪ್ರತಿ ಶಾಲೆಗೂ ಅಲರ್ಜಿ ಯೋಜನೆ, ಸಿಬ್ಬಂದಿಗೆ ತರಬೇತಿ ಅಲ್ಲಿ ಕಡ್ಡಾಯ.

ಈ ಲಾಕರ್ ವಿಷಯ ಮರೆಯಬೇಡಿ, ಆಮೇಲೆ ಬೇಕಾಗುತ್ತದೆ.

ಈ ದೇಶಗಳೆಲ್ಲ ಇಡುತ್ತಿರುವುದು ಪೆನ್ನಿನ ಆಕಾರದ ಆಟೋ ಇಂಜೆಕ್ಟರ್. ಎಪಿಪೆನ್ ಅನ್ನುವುದು ಅದರಲ್ಲಿ ಹೆಸರಾದ ಬ್ರಾಂಡ್. ಸೈನಿಕರು ನರವಿಷದ ದಾಳಿಗೆ ಸಿಕ್ಕಾಗ ಬಟ್ಟೆಯ ಮೇಲಿಂದಲೇ ತಾವೇ ಚುಚ್ಚಿಕೊಳ್ಳಲಿ ಅಂತ ಮಾಡಿದ್ದ ಸಾಧನವನ್ನು ಅಲರ್ಜಿಗೆ ಹೊಂದಿಸಿದ್ದು. ಅಮೆರಿಕದಲ್ಲಿ 1987ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಮುಚ್ಚಳ ತೆಗೆದು ತೊಡೆಗೆ ಒತ್ತಿ ಹಿಡಿದರೆ ಮುಗಿಯಿತು. ದೊಡ್ಡವರಿಗೆ 0.3 ಮಿಲಿಗ್ರಾಂ, ಸಣ್ಣ ಮಕ್ಕಳಿಗೆ 0.15. ಒಳಗಿರುವ ಔಷಧಿ ಪುಡಿಗಾಸಿನದು. ಆದರೂ ಎರಡು ಪೆನ್ನಿನ ಪೊಟ್ಟಣ 2007ರಲ್ಲಿ ಸುಮಾರು 100 ಡಾಲರ್ ಇದ್ದದ್ದು 2016ಕ್ಕೆ 600 ದಾಟಿತು. ಅದನ್ನು ಮಾರುತ್ತಿದ್ದ ಮೈಲಾನ್ ಕಂಪನಿಯ ಆಗಿನ ಮುಖ್ಯಸ್ಥೆ ಹೆದರ್ ಬ್ರೆಶ್ ಅವರನ್ನು ಅಮೆರಿಕದ ಸಂಸತ್ತಿನ ಸಮಿತಿ ಕರೆಸಿ ಬೆವರಿಳಿಸಿತು. ಇದೇ ಕಂಪನಿ 2012ರಿಂದ ಶಾಲೆಗಳಿಗೆ ಪೆನ್ನುಗಳನ್ನು ಪುಕ್ಕಟೆ ಕೊಡುತ್ತಿತ್ತು ಅನ್ನುವುದೂ ನಿಜ. ಒಂದು ಕೈಯಲ್ಲಿ ದಾನ, ಇನ್ನೊಂದು ಕೈಯಲ್ಲಿ ಬಿಲ್. ಶಾಲೆ ಕಾನೂನುಗಳು ಮಕ್ಕಳನ್ನು ಉಳಿಸಿದವು, ಕಂಪನಿಗೆ ಮಾರುಕಟ್ಟೆಯನ್ನೂ ಮಾಡಿಕೊಟ್ಟವು. ಎರಡನ್ನೂ ಒಟ್ಟಿಗೆ ನೋಡದಿದ್ದರೆ ನಾವೂ ಅದೇ ಹಳ್ಳಕ್ಕೆ ಬೀಳುತ್ತೇವೆ.

ನಮ್ಮಲ್ಲಿ ಆ ಪೆನ್ನು ಬೀದಿ ಮೂಲೆಯ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಗುವ ವಸ್ತುವಲ್ಲ. ನ್ಯೂಜೆರ್ಸಿಯಿಂದಲೋ ಡಲ್ಲಾಸ್‌ನಿಂದಲೋ ಬೆಂಗಳೂರಿಗೆ ವಾಪಸ್ ಬರುವ ಕನ್ನಡದ ಕುಟುಂಬಗಳು ಸೂಟ್‌ಕೇಸಿನಲ್ಲಿ ನಾಲ್ಕೈದು ಪೆನ್ನು ತುಂಬಿಕೊಂಡು ಬರುತ್ತಾರೆ. ಒಂದೂವರೆ ವರ್ಷದ ಒಳಗೆ ಅವುಗಳ ಎಕ್ಸ್‌ಪೈರಿ ಡೇಟ್ ಬಂದುಬಿಡುತ್ತದೆ. ಆಮೇಲೆ ಯಾರು ಅಮೆರಿಕದಿಂದ ಬರುತ್ತಿದ್ದಾರೆ ಅಂತ ಹುಡುಕಾಟ. ನನ್ನ ಪರಿಚಯದ ತಾಯಿಯೊಬ್ಬರು ಮಗನ ಪೆನ್ನನ್ನು ಖಾಸಗಿ ಶಾಲೆಯೊಂದಕ್ಕೆ ಕೊಡಲು ಹೋದರೆ ‘ನೀವೇ ಇಟ್ಟುಕೊಳ್ಳಿ ಮೇಡಂ, ಏನಾದರೂ ಆದರೆ ಫೋನ್ ಮಾಡ್ತೀವಿ’ ಅಂದರಂತೆ. ಆ ಶಾಲೆಯಲ್ಲಿ ಎಸಿ ಇದೆ, ಈಜುಕೊಳ ಇದೆ.

ನಮ್ಮ ಹತ್ತಿರ ಇರುವುದು ಆಂಪೂಲ್. ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಬೆಲೆ ಒಂದು ಮಸಾಲೆ ದೋಸೆಯಷ್ಟೂ ಇಲ್ಲ. ಹಾಗಾದರೆ ಪ್ರತಿ ಶಾಲೆಗೂ ಎರಡು ಆಂಪೂಲ್, ಒಂದು ಸಿರಿಂಜು ಕೊಟ್ಟುಬಿಟ್ಟರೆ ಆಯಿತಲ್ಲ? ಇಷ್ಟು ಸುಲಭವಲ್ಲ. ಕೆನಡಾದ ಎಸ್ಟೆಲ್ ಸೈಮನ್ಸ್ ಮತ್ತು ತಂಡದವರು 2001ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಆಂಪೂಲ್ ಒಡೆದು ಮಗುವಿಗೆ ಬೇಕಾದಷ್ಟು ಔಷಧಿಯನ್ನು ಸಿರಿಂಜಿಗೆ ಎಳೆಯಲು ತುರ್ತು ವಿಭಾಗದ ನರ್ಸುಗಳಿಗೆ ಸರಾಸರಿ 29 ಸೆಕೆಂಡು ಸಾಕಾಯಿತು. ಡಾಕ್ಟರುಗಳಿಗೆ 52. ತಂದೆ ತಾಯಿಯರಿಗೆ 142. ಅದೂ ಶಾಂತವಾಗಿ ಕೂತಿದ್ದಾಗ, ಎದುರಿಗೆ ಉಸಿರು ಕಟ್ಟಿದ ಮಗು ಇಲ್ಲದಿದ್ದಾಗ. ಇನ್ನೂ ಗಾಬರಿಯ ವಿಷಯ ಡೋಸಿನದು. ಒಬ್ಬ ಪೋಷಕರು ಎಳೆದದ್ದಕ್ಕೂ ಇನ್ನೊಬ್ಬರು ಎಳೆದದ್ದಕ್ಕೂ 40 ಪಟ್ಟು ವ್ಯತ್ಯಾಸ ಇತ್ತು. ಕನ್ನಡ ಮೇಷ್ಟ್ರ ಕೈಗೆ ಆಂಪೂಲ್ ಕೊಟ್ಟು ‘ನೋಡಿಕೊಳ್ಳಿ’ ಅಂದರೆ ಅದು ಔಷಧಿ ಕೊಟ್ಟಂತಲ್ಲ, ಅಪವಾದ ಹೊರಿಸಲು ತಯಾರಿ ಮಾಡಿದಂತೆ.

ಹೀಗಾಗಿ ಮೂಗಿಗೆ ಹೊಡೆಯುವ ಸ್ಪ್ರೇ ಬಂದಾಗ ನನಗೆ ನಿಜಕ್ಕೂ ಖುಷಿಯಾಯಿತು. ನೆಫಿ ಅಂತ ಹೆಸರು. ಅಮೆರಿಕದಲ್ಲಿ 2024ರ ಆಗಸ್ಟ್‌ನಲ್ಲಿ 30 ಕೆಜಿ ಅಥವಾ ಅದಕ್ಕಿಂತ ಹೆಚ್ಚು ತೂಕದವರಿಗೆ ಒಪ್ಪಿಗೆ ಸಿಕ್ಕಿತು. 2025ರ ಮಾರ್ಚ್‌ನಲ್ಲಿ ನಾಲ್ಕು ವರ್ಷ ಮೇಲ್ಪಟ್ಟ, 15ರಿಂದ 30 ಕೆಜಿ ತೂಕದ ಮಕ್ಕಳಿಗೂ ಬಂತು. ಸೂಜಿ ಇಲ್ಲ, ಗಾಜು ಒಡೆಯುವುದಿಲ್ಲ, ಅಳತೆ ಮೊದಲೇ ಆಗಿರುತ್ತದೆ. ಚುಚ್ಚಲು ಹೆದರುವ ಟೀಚರ್ ಕೂಡ ಮೂಗಿಗೆ ಒಂದು ಸಲ ಒತ್ತಬಲ್ಲರು. ಸೂಜಿಯ ಭಯ ಮಗುವಿಗಿಂತ ದೊಡ್ಡವರಿಗೇ ಜಾಸ್ತಿ. ಬೆಲೆ ಮಾತ್ರ ಎಪಿಪೆನ್ನಿನ ಅಣ್ಣತಮ್ಮಂದಿರದ್ದೇ. ಜೆನರಿಕ್ ಔಷಧಿಗಳಿಗೆ ಹೆಸರಾದ ನಮ್ಮ ದೇಶದ ಕಂಪನಿಗಳು ಮನಸ್ಸು ಮಾಡಿದರೆ ಅಗ್ಗದ ಪೆನ್ನೋ ಸ್ಪ್ರೇಯೋ ಮಾಡುವುದು ಚಂದ್ರನ ಮೇಲೆ ಇಳಿದಷ್ಟು ಕಷ್ಟವೇನಲ್ಲ. ಕೊಳ್ಳುವವರು ಯಾರು ಅನ್ನುವುದು ಅವರ ಪ್ರಶ್ನೆ. ಸರ್ಕಾರಿ ಶಾಲೆಗಳಿಗೆ ಅಂತ ಒಂದು ಟೆಂಡರ್ ಕರೆದರೆ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಔಷಧಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಕೊಡುವವರು ಯಾರು? ನಮ್ಮ ಶಿಕ್ಷಕರಿಗೆ ಈಗಲೇ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಮೊಟ್ಟೆ ಸುಲಿಸುವುದು, ಆನ್‌ಲೈನ್ ಎಂಟ್ರಿ ಎಲ್ಲ ಇದೆ. ಇದೊಂದು ಕೂಡ ಅವರ ತಲೆಗೇ ಅಂದರೆ ಸಿಟ್ಟು ಬರುವುದು ಸಹಜ. ಅದಕ್ಕಿಂತ ದೊಡ್ಡದು ಭಯ. ಮಾತ್ರೆ ಕೊಟ್ಟರೇ ಕೇಸಾಗುತ್ತದೆ ಅನ್ನುವ ಕಾಲದಲ್ಲಿ ಸೂಜಿ ಚುಚ್ಚುವವರಾರು? ರಸ್ತೆ ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಡಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಅಂತ ಒಂದು ಕಲಂ ಸೇರಿಸಿದರು. ಅದು ರಸ್ತೆಗೆ ಮಾತ್ರ. ಶಾಲೆಯ ಗೇಟಿನ ಒಳಗೆ ಅದು ಬರುವುದಿಲ್ಲ. ಒಳ್ಳೆಯ ಉದ್ದೇಶದಿಂದ ತುರ್ತಿನಲ್ಲಿ ಮಾಡಿದ ಕೆಲಸಕ್ಕೆ ನಮ್ಮ ದಂಡಸಂಹಿತೆಯಲ್ಲಿ ಹಿಂದಿನಿಂದಲೂ ವಿನಾಯಿತಿ ಇದೆ, ನಿಜ. ಆದರೆ ಅದು ಕೋರ್ಟಿನಲ್ಲಿ ವಕೀಲರು ಹೇಳುವ ಮಾತು. ಟೀಚರ್‌ಗೆ ಬೇಕಾಗಿರುವುದು ಇಲಾಖೆಯ ಒಂದು ಸುತ್ತೋಲೆ. ‘ತರಬೇತಿ ಪಡೆದವರು ಕೊಡಬಹುದು, ಕೊಟ್ಟರೆ ನಾವು ನಿಮ್ಮ ಹಿಂದೆ ಇದ್ದೇವೆ’ ಅನ್ನುವ ಎರಡು ಸಾಲು. ಅಮೆರಿಕದ ರಾಜ್ಯಗಳು ಮಾಡಿದ್ದೂ ಮುಖ್ಯವಾಗಿ ಇದನ್ನೇ. ಶಾಲೆಯ ಹೆಸರಿಗೇ ಚೀಟಿ ಬರೆಯಲು ಡಾಕ್ಟರಿಗೆ ಅವಕಾಶ, ತರಬೇತಿ ಪಡೆದ ಸಿಬ್ಬಂದಿಗೆ ರಕ್ಷಣೆ.

ನಾನು ಮೊದಲು ಹೇಳಿದ ಪೆಟ್ಟಿಗೆ ಇಲ್ಲೇ ಮುಖ್ಯವಾಗುವುದು. ಹಳ್ಳಿಯ ಸಿಸ್ಟರ್‌ಗೂ ಮೊದಲು ಅಡ್ರಿನಲಿನ್ ಕೊಡುವ ಅನುಮತಿ ಇರಲಿಲ್ಲ. ಅದು ಡಾಕ್ಟರ ಕೆಲಸ ಅಂತಲೇ ಇತ್ತು. ಲಸಿಕೆ ಹಾಕುವ ಜಾಗದಲ್ಲಿ ಡಾಕ್ಟರ್ ಇರುವುದಿಲ್ಲ, ಡಾಕ್ಟರ್ ಬರುವಷ್ಟರಲ್ಲಿ ಹೊತ್ತು ಮೀರುತ್ತದೆ ಅನ್ನುವುದನ್ನು ಒಪ್ಪಿಕೊಂಡು ಕೇಂದ್ರ ಆರೋಗ್ಯ ಇಲಾಖೆ ನಿಯಮ ಬದಲಿಸಿತು. ಎಎನ್‌ಎಂ, ಅಂದರೆ ಇದೇ ಸಿಸ್ಟರ್, ಒಂದು ಡೋಸ್ ಕೊಟ್ಟು ಆಮೇಲೆ ಆಸ್ಪತ್ರೆಗೆ ಕಳಿಸಬಹುದು ಅಂತ ಮಾಡಿತು. ಜತೆಗೆ ವಯಸ್ಸಿನ ಪ್ರಕಾರ ಅಳತೆ ಬರೆದ ಚೀಟಿ ಕೊಟ್ಟಿತು. ಶಾಲೆಯ ವಾದವೂ ಅಕ್ಷರಶಃ ಇದೇ ಅಲ್ವಾ? ಅಲ್ಲೂ ಡಾಕ್ಟರ್ ಇರುವುದಿಲ್ಲ, ಅಲ್ಲೂ ಹೊತ್ತು ಮೀರುತ್ತದೆ.

ಜನ ಬೇಕು ಅಂದರೆ ಕಾಗದದ ಮೇಲೆ ಜನವೂ ಇದ್ದಾರೆ. 2020ರಲ್ಲಿ ಆಯುಷ್ಮಾನ್ ಭಾರತ್ ಅಡಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳು ಅಂತ ಆರಿಸುತ್ತಾರೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬಂದು ಕಣ್ಣು, ಹಲ್ಲು, ಹೃದಯ ಎಲ್ಲ ನೋಡುತ್ತದೆ. ಅವರ 30 ಕಾಯಿಲೆಗಳ ಪಟ್ಟಿಯಲ್ಲಿ ಆಸ್ತಮಾದಂಥ ಉಸಿರಾಟದ ತೊಂದರೆ ಇದೆ, ಆಹಾರದ ಅಲರ್ಜಿ ಇಲ್ಲ. ಇನ್ನೊಂದು ಪ್ರಶ್ನೆ ಕೇಳಲು ಎಷ್ಟು ಹೊತ್ತು? ‘ಏನಾದರೂ ತಿಂದಾಗ, ಹುಳ ಕಚ್ಚಿದಾಗ ಯಾವತ್ತಾದರೂ ಉಸಿರು ಕಟ್ಟಿತ್ತಾ?’ ‘ಆಗಿಬರಲ್ಲ’ದ ಗೊಂದಲವನ್ನು ಈ ಒಂದು ಪ್ರಶ್ನೆ ಅರ್ಧಕ್ಕೆ ಇಳಿಸುತ್ತದೆ.

ಎಲ್ಲ ಶಾಲೆಗೂ ನಾಳೆಯೇ ಇಡಬೇಕು ಅಂತ ನಾನು ಹೇಳುವುದಿಲ್ಲ. ಆಂಪೂಲ್ ಇರುವಷ್ಟು ದಿನ ಅದು ನರ್ಸ್ ಇರುವ ವಸತಿ ಶಾಲೆಗಳಲ್ಲಿ, ದೊಡ್ಡ ಖಾಸಗಿ ಶಾಲೆಗಳಲ್ಲಿ ಮೊದಲು ಬರಲಿ. ಶುಲ್ಕ ಲಕ್ಷಗಟ್ಟಲೆ ತಗೊಳ್ಳುವವರಿಗೆ ನೆಪ ಹೇಳುವ ಹಕ್ಕಿಲ್ಲ. ಹಳ್ಳಿ ಶಾಲೆಗಳಿಗೆ ಪೆನ್ನೋ ಸ್ಪ್ರೇಯೋ ಅಗ್ಗವಾದ ದಿನ ಬರಲಿ. ಅಲ್ಲಿಯವರೆಗೆ ತರಬೇತಿಯನ್ನಂತೂ ಶುರು ಮಾಡಬಹುದು. ಮಲಗಿಸುವುದು, ಬೈಕು ಹತ್ತಿಸದಿರುವುದು, 108ಕ್ಕೆ ಫೋನ್ ಮಾಡುವಾಗ ‘ಅಲರ್ಜಿ, ಉಸಿರು ಕಟ್ಟಿದೆ’ ಅಂತ ಸ್ಪಷ್ಟವಾಗಿ ಹೇಳುವುದು. ಬಿಸಿಲಿನ ತೊಡಕೂ ಇದೆ. ಅಡ್ರಿನಲಿನ್ ಬೆಳಕಿಗೂ ಶಾಖಕ್ಕೂ ಕೆಡುತ್ತದೆ, 25 ಡಿಗ್ರಿಯ ಒಳಗೆ ಇಡಬೇಕು ಅನ್ನುತ್ತಾರೆ. ರಾಯಚೂರಿನ ತಗಡಿನ ಕೋಣೆಗೆ ಇದನ್ನು ಹೇಳಿ ನೋಡಿ. ಪುಣ್ಯಕ್ಕೆ ಏಪ್ರಿಲ್, ಮೇನಲ್ಲಿ ರಜೆ. ಆರೋಗ್ಯ ಕೇಂದ್ರದಿಂದಲೇ ಜೂನ್‌ನಲ್ಲಿ ಕೊಟ್ಟು ರಜೆಗೆ ಮುಂಚೆ ವಾಪಸ್ ತಗೊಂಡರೆ, ಎಕ್ಸ್‌ಪೈರಿ ಡೇಟ್ ನೋಡುವ ಕೆಲಸವೂ ಟೀಚರ್ ತಲೆಯಿಂದ ಇಳಿಯುತ್ತದೆ.

ಇದನ್ನೆಲ್ಲ ಬರೆಯುವ ಮುಂಚೆ ನಮ್ಮೂರಿನ ಸಿಸ್ಟರ್ ಹತ್ತಿರ ಹೋಗಿದ್ದೆ. ಅವತ್ತು ಅಜ್ಜನನ್ನು ಬಿಡದೆ ಕೂರಿಸಿದ್ದವರೇ. ಪೆಟ್ಟಿಗೆ ತೆಗೆದು ತೋರಿಸಿದರು. ಇಷ್ಟು ವರ್ಷದ ಸರ್ವಿಸ್‌ನಲ್ಲಿ ಒಂದು ಸಲವೂ ಬಳಸುವ ಪ್ರಸಂಗ ಬಂದಿಲ್ಲವಂತೆ. ಆದರೂ ಡೇಟ್ ಮುಗಿದ ಆಂಪೂಲ್ ಬದಲಾಯಿಸುವುದನ್ನು ಮರೆತಿಲ್ಲ. ‘ಇಂಥದ್ದೇ ಒಂದನ್ನ ಶಾಲೆಯಲ್ಲೇ ಬಿಟ್ಟು ಹೋದರೆ ಹೇಗೆ ಸಿಸ್ಟರ್?’ ಅಂತ ಕೇಳಿದೆ. ಅನುಮತಿಯ ಮಾತು ಎತ್ತುತ್ತಾರೆ, ಇಲ್ಲ ಸೂಜಿಯ ಮಾತು ಎತ್ತುತ್ತಾರೆ ಅಂದುಕೊಂಡಿದ್ದೆ.

ಅವರು ಸ್ವಲ್ಪ ಯೋಚನೆ ಮಾಡಿ, ‘ಬಿಡೋಣ ಸರ್, ಅದಕ್ಕೇನಂತೆ’ ಅಂದರು. ‘ಆದ್ರೆ ಅಲ್ಲಿ ಬೆಲೆಬಾಳೋದೆಲ್ಲ ಎಚ್‌ಎಂ ಬೀರುವಿನಲ್ಲಿ ಇಡ್ತಾರೆ. ಅವ್ರು ಮೀಟಿಂಗ್ ಅಂತ ವಾರಕ್ಕೆ ಎರಡು ದಿನ ಬಿಇಒ ಆಫೀಸಲ್ಲಿರ್ತಾರೆ. ಕೀ ಅವರ ಜೇಬಲ್ಲೇ ಇರತ್ತೆ.’